ಕಣಜ ನೋಡಿ ತಂದ ಲ್ಯಾಪ್‌ಟಾಪ್

ಗುರುಪುರದ ಚಿಕ್ಕಣ್ಣನನ್ನು ಜೊತೆಗೆ ಕರೆದುಕೊಂಡು ಹೋಗದೆ ಆ ಸುತ್ತಿನಲ್ಲಿ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಹಲ್ಲು ಎಣಿಸುವುದು, ಸುಳಿ ನೋಡುವುದು ಯಾರಿಗೆ ಬರುವುದಿಲ್ಲ? ಚಿಕ್ಕಣ್ಣ ನೋಡುತ್ತಿದ್ದುದು ಜೋಡಿಯನ್ನು. ಎರಡನ್ನೂ ನೊಗಕ್ಕೆ ಕಟ್ಟಿಸಿ, ನಾಲ್ಕು ಮಾರು ನಡೆಸಿ, ಹಿಂದೆ ನಿಂತು ಕಣ್ಣು ಕಿರಿದು ಮಾಡುತ್ತಿದ್ದ. ಒಂದರ ಹೆಜ್ಜೆ ಚೂರು ಮುಂದೆ ಬಿತ್ತೋ, "ಬುಡ್ರಲಾ, ಇದಾಗಕ್ಕಿಲ್ಲ" ಎಂದು ಟವೆಲ್ಲು ಕೊಡವಿ ಹೊರಟುಬಿಡುತ್ತಿದ್ದ. ಎಂಥ ಭಾರಿ ಎತ್ತಾದರೂ ಪಕ್ಕದಲ್ಲಿ ಸೊರಗಿದ್ದನ್ನು ಕಟ್ಟಿದರೆ ಸೊರಗಿದ್ದರ ನಡಿಗೆಯನ್ನೇ ನಡೆಯುತ್ತದೆ ಎಂಬುದು ಅವನ ವಾದ. ಈಗ ಊರಿನಲ್ಲಿ ಟ್ರ್ಯಾಕ್ಟರುಗಳೇ ಹೆಚ್ಚಾಗಿ ಅವನ ಕಣ್ಣಿಗೆ ಕೆಲಸ ಕಡಿಮೆಯಾಗಿತ್ತು. ಜಂಬ ಮಾತ್ರ ಕಡಿಮೆಯಾಗಿರಲಿಲ್ಲ.

ಇಷ್ಟು ಕಣ್ಣಿದ್ದ ಮನುಷ್ಯ ಮಗಳು ರಮ್ಯಳಿಗೆ ಗಂಡು ನೋಡುವಾಗ ಆ ಕಣ್ಣನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಕೆ.ಆರ್. ನಗರದ ಕಡೆಯ ನೀರಾವರಿ ಊರು, ಸ್ವಂತ ಅಕ್ಕಿ ಮಿಲ್ಲು, ಹುಡುಗನ ಹೆಸರು ನಟರಾಜು. ಸಂಬಂಧ ತಂದವನು ಕಂಠಪ್ಪ. ಸೂರು ಮುಟ್ಟುವಂತೆ ಭತ್ತದ ಮೂಟೆ ಪೇರಿಸಿದ್ದ ಆ ಮನೆಯ ಕಣಜ ನೋಡಿದ ಮೇಲೆ ಚಿಕ್ಕಣ್ಣ ಬೇರೇನನ್ನೂ ನೋಡಲಿಲ್ಲ. ಪಾಪ, ಅವನಿಗೂ ಕಾರಣವಿತ್ತು. ಹೊಗೆಸೊಪ್ಪು ಬೆಳೆಯುವವನು. ಹದ ಮಾಡಿದ ಸೊಪ್ಪನ್ನು ಇಡಲು ಜಾಗವಿಲ್ಲದೆ ಮಲಗುವ ಕೋಣೆಯಲ್ಲಿ ತುಂಬಿ, ತೇವ ಹಿಡಿಸಿ, ಹರಾಜುಕಟ್ಟೆಯಲ್ಲಿ ತಲೆ ತಗ್ಗಿಸಿ ನಿಂತವನು. ಜಾಗವಿದ್ದವನೇ ಬದುಕಿದವನು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

"ದೊಡ್ಡ ಕಣಜ ಕಣೇ, ಮಗು ಸುಖವಾಗಿರ್ತದೆ" ಎಂದು ಹೆಂಡತಿ ಸುನಂದಮ್ಮನಿಗೆ ಹೇಳಿದ. ಮಗಳಿಗೆ ಒಪ್ಪಿಗೆಯೇ ಎಂದು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ರಮ್ಯ ಬಾತ ಕೆನ್ನೆಯ ಮೇಲೆ ಸೆರಗು ಎಳೆದುಕೊಂಡು ತವರಿಗೆ ಬಂದಳು. ಹಿಂದೆಯೇ ಕಂಠಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಜಗಲಿಯ ಮೇಲೆ ಪಂಚಾಯಿತಿ ಕೂತ. ಗಂಡಸರು ಮಾತಾಡಿ ಮಾತಾಡಿ ಸುಸ್ತಾದಾಗ ರಮ್ಯ ಒಳಗಿಂದ ಬಂದು, "ನನ್ನ ಅನ್ನ ನಾನೇ ದುಡ್ಕೊಂಡ್ರೆ ಬುಟ್ಬುಡ್ತೀರಾ?" ಎಂದಳು. ಕಂಠಪ್ಪ ನಕ್ಕ. "ಆಗ್ಲಿ ಕಣವ್ವ. ದೀಪಾವಳಿಗಂಟ ಟೈಮು. ಕೆಲ್ಸ ಸಿಕ್ತಾ, ನಿನ್ ದಾರಿ ನಿಂಗೆ. ಸಿಗ್ನಿಲ್ವಾ, ಬಂದು ಬಾಳ್ಬೇಕು." ಚಿಕ್ಕಣ್ಣ ಎಲ್ಲರ ಮುಂದೆ ಹೂಂ ಎಂದ. ಜೋಡಿ ಚಿಕ್ಕಣ್ಣ ಎಂದೇ ಹೆಸರಾದವನ ಮಾತೆಂದರೆ ಮಾತು.

ರಮ್ಯ ಸುಮ್ಮನೆ ಹೇಳಿದವಳಲ್ಲ. ಮದುವೆಗೆ ಮೊದಲು ಹುಣಸೂರಿನಲ್ಲಿ ಐಟಿಐ ಓದಿ ಮನೆಗಳ ನಕ್ಷೆ ಬರೆಯುವುದನ್ನು ಕಲಿತಿದ್ದಳು. ಮೈಸೂರಿನ ಒಂದು ಕಚೇರಿ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಕೂತು ನಕ್ಷೆ ಬರೆಯುವ ಕೆಲಸ ಕೊಡುತ್ತಿತ್ತು. ಆಯುಧಪೂಜೆಯ ಮರುವಾರ ಪರೀಕ್ಷೆ. ಮನೆಯಲ್ಲಿ ತಮ್ಮದೇ ಲ್ಯಾಪ್‌ಟಾಪಿನ ಮುಂದೆ ಕ್ಯಾಮೆರಾ ಹಾಕಿಕೊಂಡು ಕೂರಬೇಕು, ಅವರು ಹೇಳಿದ ಮನೆಯ ನಕ್ಷೆ ಬರೆದು ಹೊತ್ತು ಮೀರುವುದರೊಳಗೆ ಕಳಿಸಬೇಕು. "ರ‍್ಯಾಮ್ ಎಂಟಿರ್ಬೇಕಪ್ಪ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಹಬ್ಬ ಕಳೆದ ಮೇಲೆ ಇಬ್ಬರೂ ಹೋಗಿ ತರುವುದೆಂದು ಮಾತಾಗಿತ್ತು.

ಚಿಕ್ಕಣ್ಣನಿಗೆ ತಡೆಯಲಿಲ್ಲ. ಹೊಸ ಯಂತ್ರ ಅಂದ ಮೇಲೆ ಆಯುಧಪೂಜೆಗೆ ಮನೆಯಲ್ಲಿರಬೇಡವೇ? ಟ್ರ್ಯಾಕ್ಟರಿಗೆ, ಪಂಪುಸೆಟ್ಟಿಗೆ, ಕುಡುಗೋಲಿಗೆ ಪೂಜೆಯಾಗಿ, ಮಗಳ ಅನ್ನ ಹುಟ್ಟಿಸುವ ಯಂತ್ರಕ್ಕೆ ಆಗದಿದ್ದರೆ? ಹಬ್ಬದ ಹಿಂದಿನ ದಿನ ರಮ್ಯ ಅಂಕಪಟ್ಟಿಯ ನಕಲು ತರಲು ಹುಣಸೂರಿಗೆ ಹೋದದ್ದೇ ತಡ, ಇವನು ಹತ್ತಿರದ ಪೇಟೆ ಕೊಪ್ಪದ ಬಸ್ಸು ಹತ್ತಿದ.

ಅಂಗಡಿಯ ಚೇತನ್‌ಕುಮಾರ್ ಮಗಳಿಗೆ ಬೇಕೆಂದದ್ದಕ್ಕೆ ಹೆಚ್ಚುಕಮ್ಮಿ ಒಂದೇ ಬೆಲೆಯ ಎರಡನ್ನು ತಂದಿಟ್ಟ. ಒಂದು ಸಣ್ಣದು, ಇನ್ನೊಂದು ಅಗಲ ಪರದೆಯದು.

"ಇದ್ರಲ್ಲಿ ಯಾವ್ದರ ಕಣಜ ದೊಡ್ಡದು?" ಎಂದ ಚಿಕ್ಕಣ್ಣ.

ಚೇತನ್‌ಕುಮಾರನಿಗೆ ಅರ್ಥವಾಗಿ ನಗು ಬಂತು. "ಸ್ಟೋರೇಜಾ? ದೊಡ್ಡದ್ರದ್ದು ನಾಲ್ಕರಷ್ಟಿದೆ. ಪ್ರೊಸೆಸರೂ ಒಳ್ಳೇದೇ. ಆದ್ರೆ ರ‍್ಯಾಮ್ ಬರೀ ನಾಲ್ಕು, ಹಾರ್ಡ್ ಡಿಸ್ಕೂ ನಿಧಾನ. ಚಿಕ್ಕದ್ರಲ್ಲಿ ಜಾಗ ಕಮ್ಮಿ, ಆದ್ರೆ ರ‍್ಯಾಮ್ ಎಂಟಿದೆ, ಎಲ್ಲಾ ಒಂದಕ್ಕೊಂದು ಹೊಂದ್ಕೊಂಡು ಹೋಗುತ್ತೆ. ಏನ್ ಕೆಲ್ಸಕ್ಕೆ ಯಜಮಾನ್ರೇ? ಮಗಳಿಗೊಂದು ಫೋನ್ ಹಾಕಿ, ಕೇಳೇ ಬಿಡೋಣ."

ಎಂಟು ಎಂದಾಗ ಚಿಕ್ಕಣ್ಣನಿಗೆ ಮಗಳ ಮಾತು ನೆನಪಾಗದೆ ಇರಲಿಲ್ಲ. ಆದರೆ ನಾಲ್ಕರಷ್ಟು ಎಂದ ಮೇಲೆ ಅದು ಯಾವ ಲೆಕ್ಕ! "ಹೊಂದ್ಕೊಂಡೋಗೋದು ನಂಗೇ ಏಳ್ಕೊಡ್ತೀಯೇನ್ಲಾ? ಜೋಡಿ ನೋಡೋದ್ರಲ್ಲೇ ತಲೆ ನೆರೀತು ನಂದು. ದೊಡ್ಡದೇ ಕಟ್ಟು" ಎಂದ. ಫೋನು ಜೇಬಿನಲ್ಲೇ ಇತ್ತು.

ಸಂಜೆ ರಮ್ಯ ಬಂದು ಡಬ್ಬ ನೋಡಿ ಕೈ ಹಾಕಿದರೆ, "ಪೂಜೆಗೆ ಮೊದ್ಲು ಮುಟ್ಬೇಡ" ಎಂದು ತಡೆದ. ಬೆಳಿಗ್ಗೆ ಟ್ರ್ಯಾಕ್ಟರಿನ ಪಕ್ಕದ ಮಣೆಯ ಮೇಲೆ ಲ್ಯಾಪ್‌ಟಾಪ್ ಬಾಯಿ ತೆರೆದು ಕೂತಿತು. ಸುನಂದಮ್ಮ ಮುಚ್ಚಳಕ್ಕೆ ವಿಭೂತಿ ಎಳೆದು, ಅಕ್ಷರದ ಗುಂಡಿಗಳ ಮೇಲೆ ಸಾಲಾಗಿ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ತೀರ್ಥವನ್ನೂ ಚಿಮುಕಿಸಿದಳು. ಚಿಕ್ಕಣ್ಣ ಬೂದುಗುಂಬಳ ಒಡೆದ. ಮಗಳ ಬದುಕಿಗೆ ತಗುಲಿದ ದೃಷ್ಟಿಯೆಲ್ಲ ಅದರ ಜೊತೆಗೆ ಒಡೆದುಹೋಯಿತೆಂದೇ ಅವನಿಗೆ ಅನ್ನಿಸಿತು.

ಮಂಗಳಾರತಿ ಆದ ಮೇಲೆ ರಮ್ಯ ಮಣೆಯ ಮುಂದೆ ಕೂತು, ಅಂಚಿನಲ್ಲಿ ಅಂಟಿಸಿದ್ದ ಚೀಟಿ ಓದಿದಳು. ಮತ್ತೊಮ್ಮೆ ಓದಿದಳು. ಚಿಕ್ಕಣ್ಣ ಪಕ್ಕಕ್ಕೆ ಬಂದು ಬಗ್ಗಿ ನೋಡಿದ.

"ಎಂಗೈತವ್ವಾ?"

"ಕಣಜ ದೊಡ್ಡದೈತಪ್ಪ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ರ‍್ಯಾಮು ಅಂದ್ರೆ ಒಕ್ಕೋ ಕಣ, ಅದು ಮೊರದಗಲ ಐತೆ. ನಕ್ಷೆ ಬರ್ಯೋ ಕೆಲ್ಸ ನಡ್ಯೋದು ಕಣದಲ್ಲಿ, ಕಣಜದಲ್ಲಲ್ಲ. ಇದ್ರ ಪ್ರೊಸೆಸರ್ರು ಒಳ್ಳೆ ಎತ್ತೇಯ. ಪಕ್ಕದಲ್ಲಿ ಕರ ಕಟ್ಟವ್ರೆ."

ಬೇರೆ ಯಾವ ಭಾಷೆಯಲ್ಲಿ ಹೇಳಿದ್ದರೂ ಚಿಕ್ಕಣ್ಣ ವಾದಿಸುತ್ತಿದ್ದ. ಇದು ಅವನದೇ ಭಾಷೆ.

ಹಬ್ಬದ ಊಟ ಬಿಟ್ಟು ಇಬ್ಬರೂ ಕೊಪ್ಪಕ್ಕೆ ಓಡಿದರು. ಚೇತನ್‌ಕುಮಾರ್ ಮುಚ್ಚಳ ತೆರೆದು, ಗುಂಡಿಗಳ ಸಂದಿಯಲ್ಲಿ ಮೆತ್ತಿಕೊಂಡಿದ್ದ ಕುಂಕುಮವನ್ನು ಊದಿ ನೋಡಿದ. ಅದು ಹೋಗಲಿಲ್ಲ. "ಡಬ್ಬ ಒಡೀದೆ ಇದ್ರೆ ಕಣ್ಮುಚ್ಚಿ ಬದಲಾಯಿಸ್ಕೊಡ್ತಿದ್ದೆ ಯಜಮಾನ್ರೇ. ಇದನ್ನ ಕಂಪನಿಯವ್ರು ವಾಪಸ್ ತಗೊಳಲ್ಲ."

"ರ‍್ಯಾಮ್ ಮಾತ್ರ ಬದಲಾಯಿಸೋಕಾಗುತ್ತಾ?" ಎಂದಳು ರಮ್ಯ.

"ಇದ್ರಲ್ಲಿ ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದಾರಮ್ಮ. ತೆಗೆಯೋಕೂ ಆಗಲ್ಲ, ಸೇರಿಸೋಕೂ ಆಗಲ್ಲ."

ಇನ್ನೊಂದು ಕೊಳ್ಳಲು ಕೈಯಲ್ಲಿ ದುಡ್ಡಿರಲಿಲ್ಲ. ಸೊಪ್ಪಿನ ಹರಾಜು ಇನ್ನೂ ಶುರುವಾಗಿರಲಿಲ್ಲ. ಎರವಲು ಕೇಳಿದ ಕಡೆಯೆಲ್ಲ ಇದಕ್ಕಿಂತ ಹಳೆಯವೇ ಸಿಕ್ಕವು. ರಮ್ಯ ಇದ್ದುದರಲ್ಲೇ ಬೇಡದ್ದನ್ನೆಲ್ಲ ಅಳಿಸಿ, ಅದನ್ನು ಹಗುರ ಮಾಡಿ, ಸಣ್ಣ ಸಣ್ಣ ನಕ್ಷೆ ಬರೆದು ನೋಡಿದಳು. ತೆವಳುತ್ತಾ ಆದರೂ ನಡೆಯಿತು. "ಕ್ಯಾಮೆರಾನೂ ಓಡ್ಬೇಕಲ್ಲ, ಅದೇ ಭಯ" ಎಂದಳು. ಚಿಕ್ಕಣ್ಣ ಮನೆದೇವರಿಗೆ ಮುಡುಪು ಕಟ್ಟಿದ.

ಪರೀಕ್ಷೆಯ ದಿನ ಅವನು ಜಗಲಿ ಬಿಟ್ಟು ಏಳಲಿಲ್ಲ. ಕ್ಯಾಮೆರಾದಲ್ಲಿ ಇನ್ನೊಬ್ಬರ ನೆರಳೂ ಕಾಣಕೂಡದೆಂದು ಮಗಳು ಹೇಳಿದ್ದಳು. ಕೋಳಿಗಳನ್ನು ಅಟ್ಟಿದ. ನಾಯಿಯನ್ನು ದೂರ ಕಟ್ಟಿಬಂದ. ದಾರಿಯಲ್ಲಿ ಹಾರನ್ ಹೊಡೆದ ಟ್ರ್ಯಾಕ್ಟರಿನವನಿಗೆ ಅವನ ಅಪ್ಪನನ್ನು ಸೇರಿಸಿ ಬೈದ. ಆಮೇಲೆ ಮನಸ್ಸು ತಡೆಯದೆ ಹಿತ್ತಿಲ ಕಿಟಕಿಯ ಸಂದಿಯಿಂದ ಇಣುಕಿದ. ರಮ್ಯ ಮೌಸಿನ ಮೇಲೆ ಕೈಯಿಟ್ಟು, ಪರದೆಯನ್ನೇ ನೋಡುತ್ತಾ, ಅಲುಗಾಡದೆ ಕೂತಿದ್ದಳು.

"ನೋಡೇ, ಎಂಥ ಗ್ಯಾನ ಮಡಗವ್ಳೆ" ಎಂದು ಸುನಂದಮ್ಮನ ಕಿವಿಯಲ್ಲಿ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಣುಕಿದ. ಹಾಗೇ ಕೂತಿದ್ದಳು. ಮೂರನೆಯ ಸಲ ಇಣುಕಿದಾಗಲೂ ಹಾಗೇ ಇದ್ದಳು, ಕಣ್ಣಿಂದ ನೀರು ಮಾತ್ರ ಇಳಿಯುತ್ತಿತ್ತು. ಪರದೆಯ ಮೇಲೆ ಗೋಡೆ ಅರ್ಧಕ್ಕೆ ನಿಂತಿದ್ದ ಒಂದು ಮನೆ, ಅದರ ನಡುವೆ ಒಂದು ಸಣ್ಣ ಚಕ್ರ ಸುಮ್ಮನೆ ಸುತ್ತುತ್ತಿತ್ತು. ಕ್ಯಾಮೆರಾದ ಮುಂದಿಂದ ಎದ್ದರೆ ಪರೀಕ್ಷೆ ಬಿಟ್ಟಂತೆ. ಅದಕ್ಕೇ ಅವಳು ಕಣ್ಣೂ ಒರೆಸಿಕೊಳ್ಳದೆ ಕೂತಲ್ಲೇ ಕಾಯುತ್ತಿದ್ದಳು.

ಸಂಜೆ ರಮ್ಯಳೇ ಕಚೇರಿಗೆ ಫೋನು ಮಾಡಿದಳು. ಅವರು ಮರ್ಯಾದೆಯಿಂದಲೇ ಮಾತಾಡಿದರು. ಮುಂದಿನ ಪರೀಕ್ಷೆ ಯುಗಾದಿಯ ಮೇಲಂತೆ.

ದೀಪಾವಳಿಯ ಮಾರನೆಯ ದಿನ ಕಂಠಪ್ಪ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದ. ನಟರಾಜು ಬಂದಿರಲಿಲ್ಲ. ಬರುವ ಅಗತ್ಯವೇನಿದೆ? ಸುನಂದಮ್ಮ ಅಳುತ್ತಲೇ ಮಗಳಿಗೆ ಮಡಿಲು ತುಂಬಿದಳು. ಕಳಿಸುವುದಿಲ್ಲ ಎಂದುಬಿಡಲೇ ಎಂದು ಚಿಕ್ಕಣ್ಣ ಬಾಯಿ ತೆರೆದ. ಎಷ್ಟೋ ಜನರ ಮುಖಕ್ಕೆ ಹೊಡೆದಂತೆ ಆಗಕ್ಕಿಲ್ಲ ಎಂದಿದ್ದ ನಾಲಿಗೆ ಕಂಠಪ್ಪನ ಮುಂದೆ ಹೊರಳಲಿಲ್ಲ. ಹೂಂ ಎಂದಿದ್ದವನು ತಾನೇ ಅಲ್ಲವೇ! ಥೂ, ಎಂಥ ಮಾತು, ಎಂಥ ಮನುಷ್ಯ ಎಂದು ತನ್ನನ್ನೇ ಬೈದುಕೊಳ್ಳುತ್ತಾ ಒಳಗೆ ಹೋಗಿ ಲ್ಯಾಪ್‌ಟಾಪಿನ ಚೀಲ ತಂದ. ರಮ್ಯ ಆಗಲೇ ಜೀಪು ಹತ್ತಿ ಕೂತಿದ್ದಳು.

"ತಕ್ಕೊಂಡೋಗವ್ವ."

"ಅಲ್ಲಿ ಬುಡಕ್ಕಿಲ್ಲ. ಇಲ್ಲೇ ಇರ್ಲಿ."

ಅವನು ಜೀಪಿನ ಬಾಗಿಲು ಹಿಡಿದು ನಿಂತ. ಕೇಳಬೇಕಾದ್ದು ಬೇರೆ ಏನೇನೋ ಇತ್ತು. ಬಾಯಿಗೆ ಬಂದದ್ದು ಇಷ್ಟೇ.

"ಆವತ್ತು ಅಂಗ್ಡೀಲಿ ನಾನೇನ್ ಕೇಳ್ಬೇಕಿತ್ತು ರಮ್ಯ?"

ರಮ್ಯ ಮಡಿಲಲ್ಲಿದ್ದ ಅಕ್ಕಿ ಚೆಲ್ಲದಂತೆ ಸೆರಗು ಬಿಗಿ ಮಾಡಿಕೊಂಡಳು.

"ಅಂಗ್ಡೀಲಲ್ಲ ಕಣಪ್ಪ, ನನ್ನ ಕೇಳ್ಬೇಕಿತ್ತು" ಎಂದಳು. "ಎರಡು ಸಲಾನೂವೆ."

ಕಂಠಪ್ಪ ಹೊತ್ತಾಯಿತು ಎಂದು ಚಿಕ್ಕಣ್ಣನ ಕೈ ಸರಿಸಿ ಬಾಗಿಲು ಹಾಕಿದ.