ಜೆಲಿಪಾಳ ಮನೆಯ ಗಾಳಿಕಿಂಡಿ

ಜೂನ್ ಬಂತೆಂದರೆ ಚಿಪಾಟಾದ ಹಳ್ಳಿಗಳಲ್ಲಿ ಚಳಿಗಾಲ; ಚಳಿಗೆ ಹಲ್ಲು ಕಟಕಟ ಎನ್ನುತ್ತದೆ. ಈ ಸಲ ಅಜ್ಜಿ ಜೆಲಿಪಾಳ ಮನೆಯಲ್ಲಿ ಚಳಿಯ ಜೊತೆಗೆ ಬಾಣಂತಿಯೂ ಇದ್ದಳು. ಸೊಸೆ ತಿಕಾಂಬೆ ಗಂಡುಮಗು ಹೆತ್ತು ಇನ್ನೂ ವಾರ ತುಂಬಿರಲಿಲ್ಲ. ಹೊಕ್ಕುಳಬಳ್ಳಿ ಬೀಳುವ ತನಕ ಮಗುವಿಗೆ ಹೆಸರಿಡುವಂತಿಲ್ಲ, ಹೊಸ್ತಿಲು ದಾಟಿಸುವಂತಿಲ್ಲ. ಅಲ್ಲಿಯವರೆಗೆ ಗಂಡನೂ ಆ ಮನೆಯಲ್ಲಿ ಮಲಗುವಂತಿಲ್ಲ. ಹಾಗಾಗಿ ಮಗ ದೌಜೇನಿ ಊಟ ಇಲ್ಲಿ ಮುಗಿಸಿ, ನಿದ್ದೆಗೆ ಅಣ್ಣನ ಮನೆಗೆ ಹೋಗುತ್ತಿದ್ದ.

ಮಗುವಿಗೆ ಥಂಡಿಗಾಳಿ ಸೋಕಬಾರದೆಂದು ಜೆಲಿಪಾ ಬಾಗಿಲ ಮೇಲಿನ ಗಾಳಿಕಿಂಡಿಯ ತೂತಿನ ಇಟ್ಟಿಗೆಗಳಿಗೆ ಗೊಬ್ಬರದ ಚೀಲ ಹರಿದು ತುರುಕಿದಳು. ಅರ್ಧಕ್ಕರ್ಧ ತೂತುಗಳು ಮಸಿ, ಜೇಡರಬಲೆ, ಕಣಜದ ಮಣ್ಣುಗೂಡುಗಳಿಂದ ಆಗಲೇ ಕಟ್ಟಿಹೋಗಿದ್ದವು. ಮನೆ ಕಟ್ಟಿದಾಗಿನಿಂದ ಯಾರೂ ಅತ್ತ ತಲೆ ಎತ್ತಿ ನೋಡಿರಲಿಲ್ಲ. ಸಂಜೆ ಅಂಗಳದಲ್ಲಿ ಇದ್ದಿಲ ಅಗ್ಗಿಷ್ಟಿಕೆ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆ ಒಳಗಿಟ್ಟು ಕದ ಹಾಕಿಕೊಂಡಳು. ಹೊಗೆಯಿಲ್ಲದ ಬೆಂಕಿಯಿಂದ ಏನೂ ಆಗುವುದಿಲ್ಲವೆಂದು ಊರಿಗೆ ಊರೇ ನಂಬಿತ್ತು.

ಬೆಳಿಗ್ಗೆ ತಿಕಾಂಬೆ ವಾಂತಿ ಮಾಡಿಕೊಂಡಳು. ಜೆಲಿಪಾಳ ತಲೆ ಸಿಡಿಯುತ್ತಿತ್ತು. ಮೂಲೆಯ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದ ಹೇಂಟೆ ಸತ್ತುಬಿದ್ದಿತ್ತು. ಮಗು ಮೊಲೆ ಬಾಯಿಗಿಟ್ಟರೂ ಚೀಪದೆ ಜೋತುಬಿದ್ದಿತ್ತು.

"ನಿಜ ಹೇಳು, ನಿನ್ನೆ ಸೊಪ್ಪಿನ ಪಲ್ಯಕ್ಕೆ ಉಪ್ಪು ಹಾಕಿದ್ದು ನೀನೇ ತಾನೆ?" ಜೆಲಿಪಾ ಸೊಸೆಯನ್ನು ಹಿಡಿದುಕೊಂಡಳು. "ಬಾಣಂತಿ ಉಪ್ಪು ಹಾಕಿದ್ರೆ ಮನೆಮಂದಿ ಕಾಯಿಲೆ ಬೀಳ್ತಾರೆ ಅಂತ ಬಡ್ಕೊಂಡೆ!"

"ನಾನು ಉಪ್ಪಿನ ಡಬ್ಬಿ ಮುಟ್ಟೂ ಇಲ್ಲ ಅತ್ತೆ," ಎಂದು ತಿಕಾಂಬೆ ಗೋಡೆಗೊರಗಿ ಅತ್ತಳು.

ಅಷ್ಟರಲ್ಲಿ ಬಾಣಂತಿಯನ್ನು ನೋಡಲು ಆರೋಗ್ಯ ಸ್ವಯಂಸೇವಕಿ ಮಲೀಟಾ ಬಂದಳು. ಒಳಗೆ ಕಾಲಿಟ್ಟವಳೇ ಕಿಟಕಿ ತಳ್ಳಿ, ಇನ್ನೂ ಕೆಂಡವಿದ್ದ ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಎಳೆದು ಹಾಕಿದಳು.

"ಮಗೂನ ಹೊರಗೆ ತನ್ನಿ ಅಜ್ಜಿ, ಬೇಗ!"

ಜೆಲಿಪಾ ಬಾಗಿಲಿಗೆ ಅಡ್ಡ ನಿಂತಳು. "ಹೊಕ್ಕುಳು ಬಿದ್ದಿಲ್ಲ. ಈ ಚಳೀಲಿ ಹೊರಗೆ ಒಯ್ದು ಸಾಯಿಸ್ತೀಯಾ? ಇದು ಉಪ್ಪಿನ ದೋಷ ಕಣೇ."

"ಹಣೆ ಒತ್ಕೊಳ್ತಿದೀರಲ್ಲ, ನಿಮ್ಮ ತಲೆ ಯಾಕೆ ಸಿಡೀತಿದೆ?" ಎಂದಳು ಮಲೀಟಾ.

"ಇವಳು ಉಪ್ಪು ಹಾಕಿದ ಪಲ್ಯ ತಿಂದೆನಲ್ಲ!"

"ದೌಜೇನೀನೂ ತಿಂದಿದಾನಲ್ಲ? ಅಲ್ಲಿ ನೋಡಿ."

ಆಗಷ್ಟೇ ಅಣ್ಣನ ಮನೆಯಿಂದ ಬಂದಿದ್ದ ದೌಜೇನಿ ಒಳಗಿನದೇನೂ ಅರಿಯದೆ ಅಂಗಳದಲ್ಲಿ ಸಿಳ್ಳೆ ಹಾಕುತ್ತ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ.

"ಪಲ್ಯ ತಿಂದೋನು ಗುಂಡುಕಲ್ಲಿನ ಹಾಗಿದಾನೆ. ಪಲ್ಯ ಮುಟ್ಟದ ಕೋಳಿ ಸತ್ತಿದೆ. ಈ ಕೋಣೇಲಿ ಮಲಗಿದೋರಿಗೆ ಮಾತ್ರ ಹೀಗಾಗಿದೆ ಅಜ್ಜಿ. ಕೆಂಡದಿಂದ ವಿಷಗಾಳಿ ಬರತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಿಂಡಿ ಮುಚ್ಚಿದ್ರೆ ಅದು ಹೋಗೋದಾದ್ರೂ ಎಲ್ಲಿಗೆ?"

ಜೆಲಿಪಾ ಸತ್ತ ಹೇಂಟೆಯನ್ನು ನೋಡಿದಳು. ಮತ್ತೆ ಸೊಸೆಯ ಮಡಿಲಿನಲ್ಲಿದ್ದ ಮಗುವನ್ನು ನೋಡಿದಳು. ಮಗುವನ್ನು ತನ್ನ ಹೊದಿಕೆಯಲ್ಲಿ ಸುತ್ತಿ, ತಾನೇ ಹೊಸ್ತಿಲು ದಾಟಿಸಿದಳು.

ದೌಜೇನಿ ತಾಯಿ-ಮಗುವನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ಅಜ್ಜಿ ಮಲೀಟಾಳ ಕೈ ಹಿಡಿದು ಹಿಂದೆಯೇ ನಡೆದಳು. ಅಲ್ಲಿ ಆಮ್ಲಜನಕ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮಗು ಕಿರುಚಿ ಅತ್ತಿತು. ಜೆಲಿಪಾ ಹೊರಗಿನ ಬೆಂಚಿನ ಮೇಲೆ ಕೂತು ತಾನೂ ಅತ್ತಳು.

ಅವರು ಮನೆಗೆ ಮರಳಿದ ದಿನ ಮಲೀಟಾ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಸ್ಟೂಲು ಹತ್ತಿದಳು. ಚೀಲದ ಚೂರುಗಳನ್ನೆಲ್ಲ ಕಿತ್ತಳು. ಕೋಲಿನ ತುದಿಗೆ ಚಿಂದಿ ಸುತ್ತಿ ಒಂದೊಂದೇ ತೂತು ತಿವಿದಳು. ಕಣಜದ ಗೂಡು, ಮಸಿ, ಧೂಳು ಬಕೆಟ್ ತುಂಬ ಬಿತ್ತು. ಸೊಳ್ಳೆ ಬಾರದಂತೆ ಹೊರಗಡೆಯಿಂದ ಜಾಲರಿ ಹೊಡೆದಳು.

"ಸರಿ, ಕಿಂಡಿ ಬಿಡಿಸಿದ್ದಾಯ್ತು. ಇನ್ನು ಅಗ್ಗಿಷ್ಟಿಕೆ ಒಳಗಿಡಬಹುದಲ್ಲ?" ಎಂದಳು ಜೆಲಿಪಾ. ಅಷ್ಟು ಸುಲಭಕ್ಕೆ ಸೋಲುವ ಹೆಂಗಸಲ್ಲ.

"ಬೇಡವೇ ಬೇಡ. ಕಿಂಡಿ ತೆರೆದಿದ್ರೂ ಮಲಗೋ ಮನೆಗೆ ಕೆಂಡ ತರಬಾರದು. ಅದು ಅಂಗಳದಲ್ಲೇ ಇರಲಿ."

"ಮತ್ತೆ ಮಗೂಗೆ ಕಾವು?"

"ತಲೆಗೊಂದು ಟೋಪಿ ಹಾಕಿ, ಬರಿಮೈಯಲ್ಲಿ ತಾಯಿ ಎದೆಗಪ್ಪಿಸಿ, ಮೇಲೆ ಕಂಬಳಿ ಹೊದಿಸಿ. ಮೂಗು-ಬಾಯಿ ಮಾತ್ರ ತೆರೆದಿರಲಿ."

ಹೊಕ್ಕುಳು ಬಿತ್ತು, ಹೆಸರಿಟ್ಟರು, ಬಾಣಂತನದ ಕಟ್ಟುಪಾಡೂ ಮುಗಿಯಿತು. ತಿಕಾಂಬೆ ಮೊದಲ ಸಲ ಒಲೆಯ ಮುಂದೆ ಕೂತು ಹೆದರುತ್ತಲೇ ಪಲ್ಯಕ್ಕೆ ಚಿಟಿಕೆ ಉಪ್ಪು ಉದುರಿಸಿದಳು. ಜೆಲಿಪಾ ರುಚಿ ನೋಡಿ, "ಸಪ್ಪೆ ಕಣೇ. ಇನ್ನೊಂದಿಷ್ಟು ಹಾಕು," ಎಂದಳು. ಅತ್ತೆ ತಪ್ಪು ಒಪ್ಪಿಕೊಂಡದ್ದು ಅಷ್ಟರಲ್ಲೇ. ಸೊಸೆಗೆ ಅದು ಅರ್ಥವಾಯಿತು.

ಈಗ ಜೆಲಿಪಾ ಯಾರ ಮನೆಗೆ ಹೋದರೂ ಮೊದಲು ಬಾಗಿಲ ಮೇಲೆ ನೋಡುತ್ತಾಳೆ. ಕಿಂಡಿ ಮುಚ್ಚಿದ್ದರೆ ಊರುಗೋಲಿನಿಂದ ತಿವಿದೇ ಒಳಗೆ ಬರುವುದು.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಒಮ್ಮೆ ತಲೆ ಎತ್ತಿ ನೋಡಿ. ನಿಮ್ಮ ಗಾಳಿಕಿಂಡಿಯಿಂದ ಬೆಳಕು ಕಾಣುತ್ತಿದೆಯೇ? ಇಲ್ಲದಿದ್ದರೆ ಇವತ್ತೇ ಸ್ಟೂಲು ಹಾಕಿ, ತುರುಕಿದ್ದನ್ನು ಕಿತ್ತು, ಮಸಿ ತೆಗೆಯಿರಿ. ಚಳಿಗಾಲ ಶುರುವಾಗುವ ಮುಂಚೆ ಪ್ರತಿ ವರ್ಷ ಈ ಕೆಲಸ ಮಾಡಿ. ಕೆಂಡವನ್ನು ಮಲಗುವ ಮನೆಗೆ ತರಬೇಡಿ. ಕೆಂಡವಿದ್ದ ಕೋಣೆಯಲ್ಲಿ ತಲೆನೋವು, ತಲೆಸುತ್ತು, ವಾಂತಿ ಬಂದರೆ ಎಲ್ಲರೂ ಮೊದಲು ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ ಹೋಗಿ. ಯಾರು ಉಪ್ಪು ಹಾಕಿದರು ಎಂದು ಕೇಳುತ್ತ ಕೂರಬೇಡಿ.