ಆಯ್ತಪ್ಪನ ಎರಡನೇ ಸುತ್ತು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಈಗ ಗಾಡಿಯ ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಕಡೆಯೆಲ್ಲ ಅವನು ಆಯ್ತಪ್ಪ. ಯಾರು ಏನು ಹೇಳಿದರೂ 'ಆಯ್ತು' ಅನ್ನುವುದು ಅವನ ಅಭ್ಯಾಸ. ನಾಳೆ ಬೆಳಿಗ್ಗೆ ನಮ್ಮ ಹಿತ್ತಲು ಉತ್ತುಕೊಡು ಎಂದರೆ ಆಯ್ತು. ನಾಳೆ ಬೇಡ, ನಾಡಿದ್ದು ಬಾ ಎಂದರೂ ಆಯ್ತು. ಎದುರಿನವರ ಮಾತು ಪೂರ್ತಿ ಕಿವಿಗೆ ಬೀಳುವ ಮೊದಲೇ ಅವನ ಬಾಯಿಂದ ಆ ಪದ ಜಾರಿಬಿಡುತ್ತಿತ್ತು. ಹಾಗಂತ ಮಾತು ತಪ್ಪುವ ಆಸಾಮಿಯಲ್ಲ. ಒಪ್ಪಿಕೊಂಡದ್ದನ್ನು ತಡವಾಗಿಯಾದರೂ ಮಾಡಿಯೇ ತೀರುತ್ತಿದ್ದ.

ದೊಡ್ಡ ಯಂತ್ರಗಳು ನುಗ್ಗಲಾರದ ಓಣಿಗಳಲ್ಲಿ ಅವನ ಚಿಕ್ಕ ಟ್ರ್ಯಾಕ್ಟರು ಆರಾಮಾಗಿ ನುಗ್ಗುತ್ತಿತ್ತು. ಹಿಂದೆ ಸಿಕ್ಕಿಸಿದ ರೋಟವೇಟರಿನ ಬ್ಲೇಡುಗಳು ಗರಗರ ತಿರುಗಿ ಮಣ್ಣನ್ನು ಹಿಟ್ಟು ಮಾಡುತ್ತಿದ್ದವು. ಸುತ್ತಮುತ್ತಲಿನ ಹಿತ್ತಲುಗಳನ್ನೆಲ್ಲ ಹದ ಮಾಡಿಕೊಟ್ಟ ಈ ಮಹಾರಾಯನ ಸ್ವಂತ ಮನೆಯ ಹಿಂದೆ ಮಾತ್ರ ಬರೀ ಕಲ್ಲು. ಒಂದನ್ನು ಕಿತ್ತರೆ ಅದರ ಕೆಳಗೆ ಇನ್ನೆರಡು.

"ನೆಲದೊಳಗೆ ಇವು ಮರಿ ಹಾಕ್ತಾವೇನೋ ರೀ" ಎನ್ನುತ್ತಿದ್ದಳು ಹೆಂಡತಿ. ಅಲ್ಲೊಂದು ಹೂದೋಟ ಮಾಡಬೇಕೆಂಬುದು ಅವಳ ಹಟ. ಮೂರು ವರ್ಷ ಇಬ್ಬರೂ ಆ ನೆಲದ ಜೊತೆ ಗುದ್ದಾಡಿದ್ದರು.

ಕಲ್ಲುನೆಲದಲ್ಲಿ ಅವಸರ ನಡೆಯುವುದಿಲ್ಲ. ಮೊದಲನೇ ಸುತ್ತಿನಲ್ಲಿ ಬ್ಲೇಡು ಎರಡು ಬೆರಳಿಗಿಂತ ಆಳ ಇಳಿಯಬಾರದು, ಗಾಡಿ ಮೊದಲನೇ ಗೇರಿನಲ್ಲಿ ತೆವಳಬೇಕು. ಮೇಲೆದ್ದ ಕಲ್ಲನ್ನೆಲ್ಲ ಆರಿಸಿ, ಒಂದು ಮಳೆ ಬಿದ್ದ ಮೇಲೆ ಎರಡನೇ ಸುತ್ತು, ಅರ್ಧ ಗೇಣು ಆಳಕ್ಕೆ. ಕೀಳಲಾಗದ ಬಂಡೆ ಇದ್ದ ಕಡೆ ಹೆಂಡತಿ ಒಂದು ಕೋಲು ನೆಟ್ಟು ಅದರ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದಳು. ಹಳೆಯ ಮೇಲುಹೊದಿಕೆಯೊಂದನ್ನು ಅದಕ್ಕಾಗಿಯೇ ಹರಿದಿಟ್ಟುಕೊಂಡಿದ್ದಳು. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಇಬ್ಬರ ನಡುವೆ ಕೈಸನ್ನೆಗಳಿದ್ದವು. ಮುಷ್ಟಿ ಎತ್ತಿದರೆ ನಿಲ್ಲಿಸು. ಅಂಗೈ ಮೇಲೆ ಮಾಡಿ ಎರಡು ಸಲ ಏರಿಸಿದರೆ ರೋಟವೇಟರ್ ಎತ್ತು.

ಅವತ್ತು ಮೊದಲನೇ ಸುತ್ತು ಮುಗಿಯುತ್ತ ಬಂದಿತ್ತು. ಅವಳು ಗಾಡಿಯ ಹತ್ತಿರ ಬಂದು, ಮಣ್ಣಾದ ಕೈಯನ್ನು ಮಡ್‌ಗಾರ್ಡಿನ ಮೇಲಿಟ್ಟು, ಅವನ ಮುಖ ನೋಡುತ್ತ ಏನೋ ಹೇಳಿದಳು. ಸಣ್ಣ ಮಾತಲ್ಲ, ಉದ್ದದ ಮಾತು. ನಡುವೆ ಒಮ್ಮೆ ನಕ್ಕಳು. ಅವನ ಕಣ್ಣು ಹಿಂದಿನ ಬ್ಲೇಡಿನ ಮೇಲಿತ್ತು, ಕಿವಿಯ ತುಂಬ ಇಂಜಿನ್ನು. ಕೀಲಿ ತಿರುಗಿಸಿ ಗಾಡಿ ಆರಿಸಲು ಎಷ್ಟು ಹೊತ್ತು ಬೇಕಿತ್ತು? ಆರಿಸಲಿಲ್ಲ. "ಆಯ್ತು" ಎಂದ. ಅವಳು ಹುಬ್ಬೇರಿಸಿದಳು, ನಿಜವಾಗಿಯೂ ಎನ್ನುವಂತೆ. "ಆಯ್ತು ಆಯ್ತು" ಎಂದು ತಲೆಯಾಡಿಸಿದ. ಅವಳು ಮಡ್‌ಗಾರ್ಡನ್ನು ಎರಡು ಸಲ ತಟ್ಟಿ ಒಳಗೆ ಹೋದಳು.

ಅದೇ ಸಂಜೆ ಪಾತ್ರೆ ತೊಳೆಯುತ್ತಿದ್ದವಳು ಅಲ್ಲಿಯೇ ಕುಸಿದು ಬಿದ್ದಳು. ಆಸ್ಪತ್ರೆ ಸೇರುವ ಹೊತ್ತಿಗೆ ಮಾತು ನಿಂತುಹೋಗಿತ್ತು, ಬಲಗೈಯೂ ಬಿದ್ದುಹೋಗಿತ್ತು. ಎರಡನೇ ದಿನ ಅವಳು ಎಡಗೈಯ ಅಂಗೈ ಮೇಲೆ ಮಾಡಿ ಎರಡು ಸಲ ಏರಿಸಿದಳು. ಆ ಸನ್ನೆ ಅವನಿಗೆ ಗೊತ್ತಿತ್ತಲ್ಲ! ಓಡಿಹೋಗಿ ನರ್ಸಮ್ಮನನ್ನು ಕರೆತಂದು ಮಂಚದ ತಲೆಭಾಗ ಎತ್ತಿಸಿದ. "ಆಯ್ತಾ?" ಎಂದು ಕೇಳಿದ. ಅವಳು ಅವನನ್ನೇ ನೋಡಿ ಕಣ್ಣು ಮುಚ್ಚಿಕೊಂಡಳು. ಮೂರನೇ ದಿನ ಹೋಗಿಬಿಟ್ಟಳು.

ಜೀವನದಲ್ಲಿ ಸಾವಿರ ಸಲ ಆಯ್ತು ಎಂದವನಿಗೆ ಆ ಒಂದು ಆಯ್ತಿನ ಅರ್ಥ ಮಾತ್ರ ಗೊತ್ತಿರಲಿಲ್ಲ. ಅವಳು ಏನು ಕೇಳಿದ್ದಳು? ತಾನು ಯಾವುದಕ್ಕೆ ಒಪ್ಪಿಕೊಂಡಿದ್ದೆ? ಯಾರನ್ನಾದರೂ ವಿಚಾರಿಸೋಣವೆಂದರೆ ನಾಚಿಕೆ. ಹೆಂಡತಿಯ ಕೊನೆಯ ಮಾತಿಗೆ ಕೇಳಿಸಿಕೊಳ್ಳದೆಯೇ ತಲೆಯಾಡಿಸಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಕೊನೆಗೆ, ಅವಳು ಕೇಳಿರಬಹುದಾದದ್ದನ್ನೆಲ್ಲ ಒಂದೊಂದಾಗಿ ಮಾಡತೊಡಗಿದ. ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿ ರಿಪೇರಿಯಾಯಿತು. ಮುಚ್ಚಿಕೊಳ್ಳದ ಕಿಟಕಿಗೆ ಹೊಸ ಚಿಲಕ ಬಂತು. ಕಣ್ಣು ತೋರಿಸಿಕೊಂಡು ಬಂದ, ಕನ್ನಡಕ ಹಾಕಿಸಿಕೊಂಡ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯ ಟೈಲರನ ಬಾಗಿಲಿಗೆ ತಾನೇ ಹೋಗಿ ಮಾತಾಡಿಸಿದ. ಟೈಲರು ಕಕ್ಕಾಬಿಕ್ಕಿಯಾಗಿ ಕುರ್ಚಿ ಹಾಕಿದ. ಪ್ರತಿಯೊಂದು ಮುಗಿದಾಗಲೂ ಗೋಡೆಯ ಮೇಲಿನ ಫೋಟೋಕ್ಕೆ "ಇದೇನಾ?" ಎಂದು ಕೇಳುತ್ತಿದ್ದ.

ಅವಳು ಹೋದ ಮೂವತ್ತೆಂಟನೇ ದಿನಕ್ಕೆ ಹದವಾದ ಮಳೆ ಬಿತ್ತು. ಉಳಿದಿದ್ದುದು ಒಂದೇ, ಎರಡನೇ ಸುತ್ತು. ಇದೇ ಇರಬೇಕು, ಇನ್ನೇನು ಕೇಳಿರುತ್ತಾಳೆ ಎನಿಸಿ ಎಷ್ಟೋ ದಿನಗಳ ಮೇಲೆ ಅವನಿಗೆ ಎದೆ ಹಗುರಾಯಿತು. ಮರುದಿನ ಬೆಳಿಗ್ಗೆಯೇ ಗಾಡಿ ಇಳಿಸಿದ.

ಕೆಂಪು ಬಟ್ಟೆ ಕಂಡಲ್ಲೆಲ್ಲ ರೋಟವೇಟರ್ ಎತ್ತಿ ಬಳಸಿಕೊಂಡು ಹೋದ. ನಾಲ್ಕು ಕೋಲು ದಾಟಿತು. ಐದನೆಯದು ಗೋಡೆಯ ಮೂಲೆಯಲ್ಲಿತ್ತು. ಅಲ್ಲಿಯ ಬಂಡೆಯನ್ನು ಹೋದ ವರ್ಷವೇ ಇಬ್ಬರೂ ಹಾರೆ ಹಾಕಿ ಕಿತ್ತಿದ್ದರು, ಅವನಿಗೆ ಚೆನ್ನಾಗಿ ನೆನಪಿತ್ತು. ಆದರೂ ಇಳಿದು, ಕೋಲಿನ ಪಕ್ಕ ಹಾರೆಯಿಂದ ಒಮ್ಮೆ ಚುಚ್ಚಿ ನೋಡಿದ. ಠಣ್ ಎನ್ನಲಿಲ್ಲ, ಮೆತ್ತಗೆ ಇಳಿಯಿತು.

"ಕೋಲು ಕೀಳೋದು ಮರೆತಿದೀಯಲ್ಲೇ, ಪಾಪ" ಎಂದು ಅವಳ ಮೇಲೆ ಪ್ರೀತಿಯಿಂದಲೇ ರೇಗಿದ. ಬಟ್ಟೆಯನ್ನು ಬಿಚ್ಚಿ ಜೇಬಿಗಿಟ್ಟುಕೊಂಡ, ಕೋಲನ್ನು ಬೇಲಿಗೆ ಒರಗಿಸಿದ, ಗಾಡಿ ಹತ್ತಿದ.

ಆ ಮೂಲೆಯಲ್ಲಿ ರೋಟವೇಟರ್ ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಒಂದು ಹರಳೂ ತಾಗಲಿಲ್ಲ. ಮೂರು ವರ್ಷದಲ್ಲಿ ಆ ನೆಲ ಅವನಿಗೆ ಇಷ್ಟು ಸಲೀಸಾಗಿ ದಕ್ಕಿದ್ದೇ ಇಲ್ಲ. ಖುಷಿಯಾಗಿ ಇನ್ನೊಂದು ಸಲ ಅದೇ ಜಾಗದಲ್ಲಿ ಹಿಂದೆ ಮುಂದೆ ಆಡಿಸಿದ. ಆಮೇಲೆ ತಿರುಗಿ ನೋಡಿದ.

ಕಪ್ಪು ಮಣ್ಣಿನ ಮೇಲೆಲ್ಲ ಬಿಳಿ ಬಿಳಿ ಚೂರುಗಳು. ಆಲೂಗಡ್ಡೆಯಿರಬೇಕು ಅಂದುಕೊಂಡ. ಇಳಿದು ಒಂದನ್ನು ಎತ್ತಿಕೊಂಡ. ಆಲೂಗಡ್ಡೆಯಲ್ಲ, ಉದ್ದನೆಯ ಯಾವುದೋ ಗೆಡ್ಡೆ. ಇನ್ನೊಂದು ತುಂಡಿನಲ್ಲಿ ಬೆರಳಿನಷ್ಟು ಉದ್ದದ ಎಳೆ ಮೊಳಕೆ ಇತ್ತು, ಬ್ಲೇಡು ಅದನ್ನು ಅರ್ಧಕ್ಕೆ ಕತ್ತರಿಸಿತ್ತು.

ಅಷ್ಟರಲ್ಲಿ ಬೇಲಿಯ ಬಾಗಿಲಲ್ಲಿ ನಾದಿನಿ ಬಂದು ನಿಂತಿದ್ದಳು, ಹೆಂಡತಿಯ ತಂಗಿ. ಭಾವ ಹೇಗಿದ್ದಾರೋ ನೋಡಿಕೊಂಡು ಹೋಗೋಣವೆಂದು ಬೆಳಗಿನ ಬಸ್ಸಿಗೆ ಬಂದಿದ್ದಳು. ಅವಳ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಈ ಸಲ ಅವನು ಹೋಗಿ ಗಾಡಿ ಆರಿಸಿದ.

"ಡೇರೆ ಹೂವಿನ ಗಿಡ ಚಿಗುರಿತಾ ಭಾವ ಅಂತ ಕೇಳ್ದೆ" ಎಂದಳು ನಾದಿನಿ, ನಗುತ್ತ. "ಗೆಡ್ಡೆ ನಾನೇ ಕಳಿಸಿದ್ದು. ಅಕ್ಕ ಬಿದ್ದ ದಿನಾನೇ ಮಧ್ಯಾಹ್ನ ಫೋನ್ ಮಾಡಿದ್ಲು. ಕಲ್ಲಿಲ್ಲದ ಜಾಗ ಒಂದೇ ಒಂದು ಸಿಕ್ತು ಕಣೇ, ಅಲ್ಲೇ ಹೂತಿಟ್ಟಿದೀನಿ, ಗುರುತಿಗೆ ಕೆಂಪು ಬಟ್ಟೆ ಕಟ್ಟಿದೀನಿ ಅಂದ್ಲು. ಭಾವ ಉತ್ತುಹಾಕಿಬಿಟ್ರೆ ಏನೇ ಗತಿ ಅಂದೆ. ಅದಕ್ಕೆ ಅವಳು, ಇಲ್ಲ ಕಣೇ, ಎರಡನೇ ಸುತ್ತಲ್ಲಿ ಆ ಮೂಲೆ ಬಂದಾಗ ಎತ್ತಿಬಿಡಿ ಅಂತ ಬಿಡಿಸಿ ಹೇಳಿದೀನಿ, ಒಂದೇ ಮಾತಿಗೆ ಆಯ್ತು ಅಂದ್ರು, ನಿನ್ ಭಾವ ಮಾತು ತಪ್ಪೋರಲ್ಲ ಅಂದ್ಲು. ಎಷ್ಟು ಖುಷಿಯಾಗಿದ್ಲು ಗೊತ್ತಾ?"

ಹೇಳುತ್ತ ಹೇಳುತ್ತ ಹತ್ತಿರ ಬಂದವಳು ಅವನ ಕೈಯಲ್ಲಿದ್ದುದನ್ನು ನೋಡಿದಳು. ಕೆಳಗೆ ಹರಡಿದ್ದ ಚೂರುಗಳನ್ನೂ ನೋಡಿದಳು. ಅವಳ ನಗು ಅಲ್ಲೇ ನಿಂತಿತು.

ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಮೇಲೆ ಮಾಡಿದ ಅಂಗೈ, ಎರಡು ಸಲ. ಅವಳು ಎತ್ತು ಎಂದದ್ದು ಮಂಚವನ್ನಲ್ಲ. ಮಾತು ಹೋದ ಮೇಲೂ ಇನ್ನೊಂದು ಸಲ ಹೇಳಿದ್ದಳು, ಅವನಿಗೆ ಅರ್ಥವಾಗುವ ಒಂದೇ ಭಾಷೆಯಲ್ಲಿ. ಮಣ್ಣಿನಲ್ಲಿಯೇ ಕೂತು, ನಾದಿನಿಯ ಎದುರು ಎನ್ನುವುದನ್ನೂ ಮರೆತು, ದೊಡ್ಡ ದನಿಯಲ್ಲಿ ಅತ್ತ.

ನಾದಿನಿ ಚೂರುಗಳನ್ನು ಒಂದೊಂದಾಗಿ ಆರಿಸಿ ತಿರುಗಿಸಿ ನೋಡಿದಳು. ಮೊಳಕೆಯ ಕಣ್ಣಿರುವ ತುಂಡು ಒಂದಾದರೂ ನೆಟ್ಟಗೆ ಉಳಿದಿದ್ದರೆ ಚಿಗುರುತ್ತಿತ್ತು. ಒಂದೂ ಉಳಿದಿರಲಿಲ್ಲ.

"ಬಿಡಿ ಭಾವ, ಅಳಬೇಡಿ" ಎಂದಳು ತಾನೂ ಕಣ್ಣೊರೆಸಿಕೊಳ್ಳುತ್ತ. "ನಮ್ಮನೇಲಿ ಇನ್ನೂ ಬೇಕಾದಷ್ಟು ಗೆಡ್ಡೆ ಇದೆ. ತಂದುಕೊಡ್ತೀನಿ, ಇಲ್ಲೇ ನೆಡೋಣ. ಆಯ್ತಾ?"

ಅವನು ಎದ್ದ. ಬೇಲಿಗೆ ಒರಗಿಸಿದ್ದ ಕೋಲನ್ನು ತಂದ. ಜೇಬಿನಿಂದ ಕೆಂಪು ಬಟ್ಟೆ ತೆಗೆದು ಅದರ ತುದಿಗೆ ಕಟ್ಟಿದ. ಅದೇ ಮೂಲೆಯಲ್ಲಿ, ಹಿಟ್ಟಾಗಿದ್ದ ಮಣ್ಣಿನಲ್ಲಿ ಅದನ್ನು ಊರಿದ.

"ಆಯ್ತಾ ಭಾವ?" ಎಂದು ನಾದಿನಿ ಮತ್ತೆ ಕೇಳಿದಳು.

ಅವಳ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಬಾಯಿಂದ ಆ ಪದ ಹೊರಡಲಿಲ್ಲ.