ನನ್ನ ಬೀರುವಿನಲ್ಲಿರುವ ಹೋಲಿಸನ ಕೋವಿಗಳು

ನಮ್ಮ ಕೋವಿ ಕ್ಲಬ್ಬಿನವರು ಹೊಟ್ಟೆ ತುಂಬದೆ ಜಗಳಕ್ಕೆ ಇಳಿಯುವುದಿಲ್ಲ. ಆ ಶನಿವಾರ ಸಂಜೆಯೂ ಬೇಯಿಸಿದ ಬೀನ್ಸು, ಹಂದಿಮಾಂಸ ಎಲ್ಲ ಖಾಲಿಯಾದ ಮೇಲೆಯೇ ಅಧ್ಯಕ್ಷ ರಾಯ್ಸ್ ಮಸೂದೆಯ ಪ್ರತಿ ಹಿಡಿದು ಎದ್ದು ನಿಂತ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನಮ್ಮ ಶಾಸಕರು ತರಲು ಹೊರಟಿದ್ದ ಕಾನೂನು ಇಷ್ಟು: ಮನೆಯವರಲ್ಲದವರಿಗೆ ಕೋವಿಯನ್ನು ಮಾರಿದರೂ ಸರಿ, ಇಟ್ಟುಕೊಳ್ಳಲು ಕೊಟ್ಟರೂ ಸರಿ, ಪರವಾನಗಿ ಇರುವ ಅಂಗಡಿಯ ಮೂಲಕವೇ ಕೊಡಬೇಕು. ಪಡೆಯುವವರ ಪೂರ್ವಾಪರವನ್ನು ಅಲ್ಲಿ ಪರಿಶೀಲಿಸುತ್ತಾರೆ.

"ಪಕ್ಕದ್ಮನೆಯವನಿಗೆ ಕೋವಿ ಕೊಟ್ರೆ ನಾನು ಕಳ್ಳನಾ?" ಎಂದು ರಾಯ್ಸ್ ಮೇಜು ಗುದ್ದಿದ.

"ಮೇಜು ಏನು ತಪ್ಪು ಮಾಡ್ತು ರಾಯ್ಸ್?" ಎಂದಳು ಕಾರಿನ್. ಆಸ್ಪತ್ರೆಯ ತುರ್ತು ವಿಭಾಗದ ನರ್ಸ್ ಅವಳು. ಗುರಿಯಲ್ಲಿ ನಮ್ಮೆಲ್ಲರನ್ನೂ ಮೀರಿಸಿದವಳು. "ಗುರುತು ಪರಿಚಯ ಇಲ್ದೋರಿಗೆ ಕೋವಿ ಮಾರಿದ್ರೆ ಏನಾಗತ್ತೆ ಅಂತ ನಾನು ದಿನಾ ನೋಡ್ತೀನಿ. ಈ ಕಾನೂನಿಂದ ಒಬ್ಬ ಒಳ್ಳೆ ಮನುಷ್ಯನಿಗೆ ಕೆಟ್ಟದಾಗತ್ತೆ ಅಂತ ಒಂದೇ ಒಂದು ಉದಾಹರಣೆ ಕೊಡಿ, ಬಾಯಿ ಮುಚ್ಕೊಂಡು ಕೂತ್ಕೋತೀನಿ."

ಉದಾಹರಣೆ ನನಗೆ ಗೊತ್ತಿತ್ತು. ಅದು ನನ್ನ ಪಕ್ಕದಲ್ಲೇ ಕುಳಿತು ಬ್ರೆಡ್ಡಿನಿಂದ ತಟ್ಟೆ ಒರೆಸುತ್ತಿತ್ತು.

ಹೋದ ಶರತ್ಕಾಲದಲ್ಲಿ ಹೆಂಡತಿ ವರ್ನಾಳನ್ನು ಮಣ್ಣು ಮಾಡಿದ ಮೇಲೆ ನನ್ನ ಹಳೆಯ ಗೆಳೆಯ ಹೋಲಿಸ್ ತನ್ನ ಕೋವಿಗಳನ್ನೆಲ್ಲ ಅವಳ ಕೌದಿಯಲ್ಲಿ ಸುತ್ತಿ ನನ್ನ ಮನೆಗೆ ತಂದಿದ್ದ. "ನೆಲಮಾಳಿಗೆ ತೇವ ಹಿಡಿದಿದೆ ಅರ್ಲೀನ್, ನಿನ್ನ ಬೀರುವಲ್ಲಿ ಇಟ್ಕೋ," ಎಂದ. ಅವನ ನೆಲಮಾಳಿಗೆ ನನ್ನ ಅಡುಗೆಮನೆಗಿಂತ ಒಣಗಿರುತ್ತದೆಂದು ಇಬ್ಬರಿಗೂ ಗೊತ್ತು. ಏನನ್ನೂ ಕೇಳದೆ ಬೀಗ ಹಾಕಿದೆ.

ಆ ಶನಿವಾರ ಬೆಳಿಗ್ಗೆ ಮತ್ತೆ ಬಂದಿದ್ದ. ಮೇ ತಿಂಗಳಲ್ಲಿ ಟರ್ಕಿ ಕೋಳಿಯ ಬೇಟೆ ಶುರುವಾಗುತ್ತದೆ, ಒಂದು ಕೋವಿ ವಾಪಸ್ ಬೇಕು ಎಂದ. ನೋಡೋಣ ಎಂದು ಸಾಗಹಾಕಿದೆ. ಅಂಗಿ ಅವನ ಮೈಮೇಲೆ ಜೋಲುತ್ತಿತ್ತು. ಕೊಟ್ಟರೆ ಭಯ, ಕೊಡದಿದ್ದರೆ ಅವನಿಗೆ ಅವಮಾನ. ಸರ್ಕಾರ ನನ್ನ ಬೀರುವಿಗೆ ಕೈ ಹಾಕಬಾರದು ಎಂದು ಊರೆಲ್ಲ ಹೇಳಿಕೊಂಡು ತಿರುಗುವ ನಾನು, ಈ ಹಾಳು ಕಾನೂನು ಬೇಗ ಬಂದುಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಆಗ 'ವಾಪಸ್ ಕೊಡೋಕೂ ಕಾನೂನು ಬಿಡಲ್ಲ ಕಣೋ' ಎಂದು ಕೈ ತೊಳೆದುಕೊಳ್ಳಬಹುದಿತ್ತು.

"ಉದಾಹರಣೆ ನಾನು," ಎಂದ ಹೋಲಿಸ್, ಕುಳಿತಲ್ಲಿಂದಲೇ.

ಎಲ್ಲರೂ ತಿರುಗಿದರು.

"ವರ್ನಾ ಹೋದ್ಮೇಲೆ ನನ್ನ ಕೋವಿ ಜೊತೆ ನಾನೊಬ್ನೇ ಮನೇಲಿರೋದು ಬೇಡ ಅನ್ನಿಸ್ತು. ಅರ್ಲೀನ್‌ಗೆ ಕೊಟ್ಟೆ. ಅಂಗಡಿಗೆ ಹೋಗಿ ಅವಳ ಹೆಸರಿಗೆ ಮಾಡ್ಸು, ಯಾಕೆ ಅಂತ ಹೇಳು ಅಂದಿದ್ರೆ ಹೋಗ್ತಿರ್ಲಿಲ್ಲ. ಕೋವಿ ಜೊತೆ ಮನೇಲೇ ಇರ್ತಿದ್ದೆ."

ಕಾರಿನ್ ನಿಜಕ್ಕೂ ಕುಳಿತುಬಿಟ್ಟಳು. "ಹಾಗಿದ್ರೆ ಇಂಥದ್ದಕ್ಕೆ ವಿನಾಯಿತಿ ಬೇಕು ಅಂತ ಕೇಳೋಣ. ಮಾರೋದಕ್ಕೆ ಪರಿಶೀಲನೆ ಇರ್ಲಿ," ಎಂದಳು. ಮಾರುವ ವಿಷಯಕ್ಕೆ ರಾಯ್ಸ್ ಒಪ್ಪಲಿಲ್ಲ. ಆದರೆ ವಿನಾಯಿತಿ ಕೇಳಲು ಅವಳ ಜೊತೆ ರಾಜಧಾನಿಗೆ ಬರುತ್ತೇನೆಂದ, ಮೇಜನ್ನೂ ಗುದ್ದಲಿಲ್ಲ.

ಹೊರಗೆ ಹಿಮ ಕರಗಿ ಕೆಸರಾಗಿತ್ತು. ಹೋಲಿಸನ ಗಾಡಿಯವರೆಗೂ ಜೊತೆಗೆ ನಡೆದೆ. ಅಷ್ಟು ಜನರೆದುರು ಅಂಥ ಮಾತು ಆಡಿದವನು ಚೇತರಿಸಿಕೊಂಡಿರಲೇಬೇಕು ಎನ್ನಿಸಿ ಮನಸ್ಸು ಹಗುರಾಗಿತ್ತು.

"ನಾಳೆ ಬಂದು ನಿನ್ನ ಕೋವಿ ತಗೊಂಡು ಹೋಗೋ," ಎಂದೆ.

ಅವನು ಗಾಡಿ ಹತ್ತಲಿಲ್ಲ. ಬಾಗಿಲಿನ ಮೇಲೆ ಕೈಯಿಟ್ಟು ನಿಂತೇ ಇದ್ದ.

"ನೀನು ಇಲ್ಲ ಅಂತೀಯ ಅಂದ್ಕೊಂಡಿದ್ದೆ," ಎಂದ. "ಅದನ್ನ ಕೇಳಿಸ್ಕೊಳ್ಳೋಕೇ ಬೆಳಿಗ್ಗೆ ಬಂದಿದ್ದು."

ನಾಳೆ ಬಾ ಎಂದ ಮಾತನ್ನು ಅಲ್ಲೇ ವಾಪಸ್ ತೆಗೆದುಕೊಂಡೆ.

"ಹಾಗಾದ್ರೆ ಇಲ್ಲ. ಕೊಡಲ್ಲ. ಟರ್ಕಿ ತಿನ್ಬೇಕು ಅನ್ನಿಸಿದ್ರೆ ಅಂಗಡೀಲಿ ತಗೋ."

"ಸರಿ," ಎಂದು ಗಾಡಿ ಹತ್ತಿದ. ಕಿಟಕಿ ಇಳಿಸಿದ. "ಮುಂದಿನ ವಾರಾನೂ ಬಂದು ಕೇಳ್ತೀನಿ."

"ಬಾ," ಎಂದೆ. "ಆಗ್ಲೂ ಇಲ್ಲ ಅಂತೀನಿ."